ನಾಲ್ಕು ಪಟ್ಟು ಕಡಿಮೆ ಬಂದ ನಕ್ಷತ್ರ

ಒಂದು ನಕ್ಷತ್ರದ ಮೇಲ್ಮೈಯಲ್ಲಿ ಗುರುತ್ವ ಎಷ್ಟಿದೆ ಎಂದು ಲೆಕ್ಕ ಹಾಕಲು ಎರಡು ಸಂಗತಿ ಗೊತ್ತಿದ್ದರೆ ಸಾಕು. ಒಂದು ಅದರ ದ್ರವ್ಯರಾಶಿ, ಇನ್ನೊಂದು ಅದರ ತ್ರಿಜ್ಯ. ದ್ರವ್ಯರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಬೇಕು, ಬಂದದ್ದನ್ನು ತ್ರಿಜ್ಯದ ವರ್ಗದಿಂದ ಭಾಗಿಸಬೇಕು. ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ಈ ಲೆಕ್ಕವನ್ನು ನಾನು ಸುಮಾರು ಮೂವತ್ತು ವರ್ಷ ಕಲಿಸಿದೆ. ಮೊದಲು ದೇವದುರ್ಗದಲ್ಲಿ, ಆಮೇಲೆ ಮಾನ್ವಿಯಲ್ಲಿ, ಕೊನೆಯ ಕೆಲವು ವರ್ಷ ರಾಯಚೂರಿನಲ್ಲಿ.

ಈಚೆಗೆ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಭೌತಶಾಸ್ತ್ರದ ಉಪನ್ಯಾಸಕಿಯಾಗಿ ಕೆಲಸ ಸಿಕ್ಕಿತು. ಮನೆಗೆ ಬಂದು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದಳು. ಬಡ್ತಿ, ವರ್ಗಾವಣೆ, ರಜೆಯ ನಿಯಮ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ಒಂದು ಲೆಕ್ಕದ ಕಥೆ ಬರೆದು ಕೊಡುತ್ತೇನೆ ಎಂದೆ. ಅವಳಂಥವರಿಗಾಗಿಯೇ ಇದು.

ನಾನು ಹುಟ್ಟಿ ಬೆಳೆದದ್ದು ಗಿಲ್ಲೆಸುಗೂರಿನಲ್ಲಿ. ಎಂ.ಎಸ್ಸಿ. ಮುಗಿಸಿ ದೇವದುರ್ಗದ ಕಾಲೇಜಿಗೆ ಹಾಜರಾದಾಗ ನನಗೆ ಇಪ್ಪತ್ತಾರು ವರ್ಷ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ಅಂದರೆ ಒಂದೇ ಕೋಣೆ, ನಾಲ್ಕು ಮೇಜು, ಗಾಜಿನ ಬಾಗಿಲಿನ ಎರಡು ಬೀರು. ಅದನ್ನು ನೋಡಿಕೊಳ್ಳುತ್ತಿದ್ದ ಅಟೆಂಡರ್ ಖಾಜಾಸಾಬ್. ಏಳನೇ ತರಗತಿಯವರೆಗೆ ಓದಿದ್ದ, ಆದರೆ ಯಾವ ಉಪಕರಣ ಎಲ್ಲಿ ಸೊಟ್ಟಗಾಗಿದೆ ಎಂದು ಕೈಯಿಂದ ಮುಟ್ಟಿಯೇ ಹೇಳುತ್ತಿದ್ದ.

ಸೇರಿದ ಮೊದಲ ವಾರ ಲೋಲಕದ ಪ್ರಯೋಗ ಮಾಡಿ ನೋಡುತ್ತಿದ್ದೆ. ಭೂಮಿಯ ಗುರುತ್ವ ಒಂಬತ್ತೂ ಮುಕ್ಕಾಲರ ಸುಮಾರಿಗೆ ಬರಬೇಕು, ನನಗೆ ಹತ್ತೂ ಮುಕ್ಕಾಲು ಬರುತ್ತಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಬೀರು ಒರೆಸುತ್ತಿದ್ದ ಖಾಜಾಸಾಬ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸರ್, ಗುಂಡು ಬಿಟ್ಟಾಗ ಸೊನ್ನಿ ಅನ್ಬೇಕ್ರಿ. ನೀವು ಒಂದು ಅಂತ ಸುರು ಮಾಡಾಕತ್ತೀರಿ," ಎಂದ. ಹೌದು, ಇಪ್ಪತ್ತು ಓಲಾಟ ಎಂದು ನಾನು ಎಣಿಸಿದ್ದು ಹತ್ತೊಂಬತ್ತೇ ಆಗಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ನಕ್ಕೆ, ಅವನೂ ನಕ್ಕ. ತಪ್ಪು ಒಪ್ಪಿಕೊಳ್ಳುವುದು ಅಷ್ಟು ಸುಲಭ ಎಂದು ಅವತ್ತು ಅನಿಸಿತ್ತು.

ನಮ್ಮ ಪ್ರಾಂಶುಪಾಲರು ವೀರಭದ್ರಯ್ಯನವರು. ಕೆಟ್ಟವರೇನಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗೇಟಿನ ಬಳಿ ನಿಲ್ಲುತ್ತಿದ್ದರು, ಬಡ ಮಕ್ಕಳ ಪುಸ್ತಕಕ್ಕೆ ತಾವೇ ಓಡಾಡುತ್ತಿದ್ದರು. ಆದರೆ ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು: "ಮಾಸ್ತರ ಆದವನು ಹುಡುಗರ ಮುಂದ ತಪ್ಪಬಾರದು. ತಪ್ಪಿದ್ರೂ ಒಪ್ಪಬಾರದು. ಒಂದ್ಸಲ ಒಪ್ಪಿದ್ರ ನಾಳಿಂದ ಕ್ಲಾಸ್ ನಿಮ್ಮ ಕೈಯಾಗ ಇರಂಗಿಲ್ಲ." ಹಿರಿಯರ ಮಾತು, ಅನುಭವದಿಂದ ಬಂದದ್ದು ಎಂದು ತಲೆಯಲ್ಲಿ ಇಟ್ಟುಕೊಂಡೆ.

ನನ್ನ ನಾಲ್ಕನೆಯ ವರ್ಷದಲ್ಲಿ ಮಸರಕಲ್‌ನಿಂದ ಹುಲಿಗೆಮ್ಮ ಎಂಬ ಹುಡುಗಿ ವಿಜ್ಞಾನ ವಿಭಾಗಕ್ಕೆ ಸೇರಿದಳು. ಅವಳ ಅಪ್ಪ ಹೊಲದ ಕೆಲಸದ ಜೊತೆಗೆ ಸುತ್ತಲಿನ ಬಾವಿಗಳಿಗೆ ಮೋಟಾರು ಕೂಡಿಸುವ, ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡುವ ಕೆಲಸ ಮಾಡುತ್ತಿದ್ದ. ಅದಕ್ಕೋ ಏನೋ ಈ ಹುಡುಗಿಗೆ ಯಾವುದನ್ನೂ ಹಾಗೇ ಒಪ್ಪಿಕೊಳ್ಳುವ ಸ್ವಭಾವ ಇರಲಿಲ್ಲ. ಗುರುತ್ವದ ಪಾಠದಲ್ಲಿ ಸೂರ್ಯನ ದ್ರವ್ಯರಾಶಿಯನ್ನು ಬೋರ್ಡಿನ ಮೇಲೆ ಬರೆದಾಗ ಎದ್ದು ನಿಂತು, "ನಕ್ಷತ್ರಾನ ತಕ್ಕಡ್ಯಾಗ ಇಟ್ಟು ತೂಗಿದವರು ಯಾರ್ರೀ ಸರ್?" ಎಂದು ಕೇಳಿದಳು. ತರಗತಿ ನಕ್ಕಿತು. ಅವಳು ನಗಿಸಲು ಕೇಳಿರಲಿಲ್ಲ. ನನಗೂ ಉತ್ತರ ಸರಿಯಾಗಿ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಕೊಟ್ಟಿದ್ದಾರೆ, ತಗೊಂಡು ಲೆಕ್ಕ ಮಾಡು ಎಂದು ಕೂರಿಸಿದೆ.

ಆಗ ಕ್ಯಾಲ್ಕುಲೇಟರ್ ಇರಲಿಲ್ಲವೆಂದಲ್ಲ, ಪರೀಕ್ಷೆಗೆ ಬಿಡುತ್ತಿರಲಿಲ್ಲ. ಎಲ್ಲ ಲೆಕ್ಕವೂ ಲಾಗ್ ಟೇಬಲ್ಲಿನಲ್ಲಿ. ಗುಣಾಕಾರವಿದ್ದರೆ ಲಾಗ್ ಕೂಡಿಸು, ಭಾಗಾಕಾರವಿದ್ದರೆ ಕಳೆ, ಕೊನೆಗೆ ಆಂಟಿಲಾಗ್ ನೋಡು. ಒಂದು ನಕ್ಷತ್ರದ ಗುರುತ್ವಕ್ಕೆ ಹದಿನಾಲ್ಕು ಸಾಲು ಬೇಕಾಗುತ್ತಿತ್ತು. ಕಿಲೋಮೀಟರನ್ನು ಮೀಟರು ಮಾಡಲು ಮರೆತವರ ಉತ್ತರ ಹತ್ತು ಲಕ್ಷ ಪಟ್ಟು ಹೆಚ್ಚು ಬರುತ್ತಿತ್ತು. ಅಂಥವರನ್ನು ನಾನು ನಿಲ್ಲಿಸಿ ಗೇಲಿ ಮಾಡುತ್ತಿದ್ದೆ.

ಒಂದು ದಿನ ಮೇಲಿನ ಕಚೇರಿಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಪ್ರಾಂಶುಪಾಲರ ಜೊತೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಧೈರ್ಯವಾಗಿ ಒಂದು ನಕ್ಷತ್ರವನ್ನು ಕೊಟ್ಟೆ: ದ್ರವ್ಯರಾಶಿ ಸೂರ್ಯನ ಎರಡು ಪಟ್ಟು, ವ್ಯಾಸ ಸೂರ್ಯನ ನಾಲ್ಕು ಪಟ್ಟು. ಎರಡನ್ನೂ ಕಿಲೋಗ್ರಾಂ, ಮೀಟರುಗಳಲ್ಲಿ ಬರೆದು ಲಾಗ್ ಹಿಡಿದು ಇಳಿಯುತ್ತ ಹೋದೆ. ಹದಿನಾಲ್ಕನೆಯ ಸಾಲಿಗೆ ಉತ್ತರ ಎಂಟೂವರೆ ಬಂತು. ಅದರ ಸುತ್ತ ಚೌಕ ಎಳೆದು, ಕೈಯ ಸೀಮೆಸುಣ್ಣದ ಪುಡಿ ಝಾಡಿಸಿ ತಿರುಗಿದೆ.

ಹುಲಿಗೆಮ್ಮ ಎದ್ದು ನಿಂತಿದ್ದಳು.

"ಸರ್, ಮೂವತ್ತನಾಲ್ಕು ಬರಬೇಕ್ರಿ."

ಅವಳ ಕೈಯಲ್ಲಿ ಲಾಗ್ ಟೇಬಲ್ ಇರಲಿಲ್ಲ. ಹೇಗೆ ಎಂದೆ. ಅವಳು ಹೇಳಿದ್ದು ಇಷ್ಟು: ದ್ರವ್ಯರಾಶಿ ಎರಡು ಪಟ್ಟಾದರೆ ಗುರುತ್ವ ಎರಡು ಪಟ್ಟು. ಅಗಲ ನಾಲ್ಕು ಪಟ್ಟಾದರೆ ಗುರುತ್ವ ಹದಿನಾರರಲ್ಲಿ ಒಂದು ಪಾಲು. ಎರಡೂ ಸೇರಿದರೆ ಸೂರ್ಯನ ಎಂಟರಲ್ಲಿ ಒಂದು ಪಾಲು. ಸೂರ್ಯನದು ಇನ್ನೂರ ಎಪ್ಪತ್ನಾಲ್ಕು ಎಂದು ನಿನ್ನೆ ನೀವೇ ಬರೆಸಿದ್ದೀರಿ. ಎಂಟರಿಂದ ಭಾಗಿಸಿದರೆ ಮೂವತ್ತನಾಲ್ಕು.

"ನಿಮ್ಮದು ನಾಕು ಪಟ್ಟು ಕಮ್ಮಿ ಬಂದದ್ರಿ," ಎಂದಳು. ದನಿಯಲ್ಲಿ ಸೊಕ್ಕು ಇರಲಿಲ್ಲ. ಅವಳ ಅಪ್ಪ ಮೋಟಾರಿನ ಯಾವ ತಂತಿ ಸುಟ್ಟಿದೆ ಎಂದು ತೋರಿಸುವಾಗ ಹೀಗೇ ಮಾತಾಡುತ್ತಿದ್ದನೇನೋ.

ಹಿಂದಿನ ಬೆಂಚಿನಲ್ಲಿ ಅಧಿಕಾರಿ ತಲೆಯೆತ್ತಿದರು. ವೀರಭದ್ರಯ್ಯನವರು ನನ್ನನ್ನೇ ನೋಡುತ್ತಿದ್ದರು. ನಾನು ಬೋರ್ಡಿನ ಕಡೆ ತಿರುಗಿ ನೋಡಲೇ ಇಲ್ಲ. ಲಾಗ್ ಟೇಬಲ್ಲಿನ ಪದ್ಧತಿ ಬಿಟ್ಟು ಬಾಯಿಲೆಕ್ಕ ಮಾಡಿದರೆ ಪರೀಕ್ಷೆಯಲ್ಲಿ ಸೊನ್ನೆ ಬರುತ್ತದೆ, ಅಡ್ಡದಾರಿ ಹಿಡಿಯುವವರು ವಿಜ್ಞಾನಕ್ಕೆ ಬರಬಾರದು, ಕೂತುಕೋ ಎಂದೆ. ಅವಳು ಕೂತಳು. ಅಧಿಕಾರಿ ಪುಸ್ತಕದಲ್ಲಿ ಏನೋ ಬರೆದುಕೊಂಡು ಎದ್ದು ಹೋದರು. ಆಮೇಲೆ ಪ್ರಾಂಶುಪಾಲರು ನನ್ನ ಬೆನ್ನು ತಟ್ಟಿ, ಕ್ಲಾಸನ್ನು ಚೆನ್ನಾಗಿ ಹಿಡಿತದಲ್ಲಿ ಇಟ್ಟುಕೊಂಡಿದ್ದೀರಿ ಎಂದರು.

ಮನೆಗೆ ಹೋಗಿ ಲೆಕ್ಕವನ್ನು ಮತ್ತೆ ಮಾಡಿದೆ. ತ್ರಿಜ್ಯ ಹಾಕಬೇಕಾದ ಕಡೆ ನಾನು ವ್ಯಾಸವನ್ನೇ ಹಾಕಿದ್ದೆ. ಅರ್ಧ ಮಾಡಲು ಮರೆತಿದ್ದೆ. ವರ್ಗ ಮಾಡಿದಾಗ ಎರಡು ಪಟ್ಟಿನ ತಪ್ಪು ನಾಲ್ಕು ಪಟ್ಟಾಗಿತ್ತು. ಹುಡುಗಿ ಹೇಳಿದ್ದು ಅಕ್ಷರಶಃ ಸರಿ.

ಮರುದಿನ ತರಗತಿಗೆ ಹೋಗಿ, ನಿನ್ನೆಯದು ನನ್ನ ತಪ್ಪು, ಹುಲಿಗೆಮ್ಮನದು ಸರಿ ಎಂದು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ನಾನು ಹೋದೆ, ಹಾಜರಿ ಕರೆದೆ, ಮುಂದಿನ ಪಾಠ ಶುರುಮಾಡಿದೆ. ತಿಂಗಳ ಕೊನೆಗೆ ನೋಟ್‌ಬುಕ್ ತಿದ್ದುವಾಗ ಅವಳದೂ ಬಂತು. ನನ್ನ ಹದಿನಾಲ್ಕು ಸಾಲನ್ನು ಅಚ್ಚುಕಟ್ಟಾಗಿ ಬರೆದುಕೊಂಡು, ಕೊನೆಯ ಉತ್ತರದ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಮೂವತ್ತನಾಲ್ಕು ಎಂದು ಬರೆದಿದ್ದಳು. ನಾನು ಸರಿ ಚಿಹ್ನೆಯನ್ನೂ ಹಾಕಲಿಲ್ಲ, ತಪ್ಪು ಚಿಹ್ನೆಯನ್ನೂ ಹಾಕಲಿಲ್ಲ. ಪುಟದ ಅಡಿಗೆ ಸಹಿ ಮಾಡಿ ಮುಚ್ಚಿದೆ.

ಅವಳು ಮುಂದೆ ನನ್ನ ತರಗತಿಯಲ್ಲಿ ಎದ್ದು ನಿಂತು ಏನನ್ನೂ ಕೇಳಲಿಲ್ಲ. ಎರಡನೆಯ ವರ್ಷ ಒಳ್ಳೆಯ ಅಂಕ ತಗೊಂಡು ಪಾಸಾದಳು. ಆಮೇಲೆ ಎಲ್ಲಿ ಹೋದಳು ಎಂದು ತಿಳಿಯಲಿಲ್ಲ. ಬಿ.ಎಸ್ಸಿ.ಗೆ ಸೇರಲಿಲ್ಲ ಎಂದಷ್ಟೇ ಯಾರೋ ಹೇಳಿದ್ದರು. ವಿಜ್ಞಾನದ ಮೇಲಿನ ಅವಳ ಆಸೆಯನ್ನು ನಾನೇ ಮುರಿದೆ ಎಂದುಕೊಂಡೆ. ಆ ಎಂಟೂವರೆ ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಮಾನ್ವಿಗೆ ವರ್ಗವಾದ ಮೇಲೆ ಕಾಲ ಬದಲಾಯಿತು. ಲಾಗ್ ಟೇಬಲ್ ಹಿಡಿಯುವವರು ಕಡಿಮೆಯಾಗುತ್ತ ಹೋದರು, ಕ್ಯಾಲ್ಕುಲೇಟರ್ ಎಲ್ಲರ ಚೀಲಕ್ಕೂ ಬಂತು, ಆಮೇಲೆ ಫೋನು. ಮಕ್ಕಳು ಗುಂಡಿ ಒತ್ತಿ ಹತ್ತು ಅಂಕಿಯ ಉತ್ತರ ಬರೆದುಕೊಳ್ಳುತ್ತಿದ್ದರು, ಅದು ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎಂಬ ಅಂದಾಜೇ ಇರುತ್ತಿರಲಿಲ್ಲ. ಆಗ ನಾನು ಹುಲಿಗೆಮ್ಮನ ದಾರಿ ಹಿಡಿದೆ. ಮೊದಲು ಸೂರ್ಯನ ಜೊತೆ ಹೋಲಿಸಿ ಬಾಯಿಂದ ಅಂದಾಜು ಹೇಳಿ, ಆಮೇಲೆ ಗುಂಡಿ ಒತ್ತಿ ಎನ್ನುತ್ತಿದ್ದೆ. ಮಕ್ಕಳಿಗೆ ಅದು ಬಹಳ ಹಿಡಿಸಿತು. ಅಕ್ಕಿ ಗಿರಣಿ ನಡೆಸುವ ಒಬ್ಬ ತಂದೆ ಕಾಲೇಜಿಗೇ ಬಂದು, ತನ್ನ ಮಗಳು ಮನೆಯಲ್ಲಿ ಎಲ್ಲವನ್ನೂ ಎಷ್ಟು ಪಟ್ಟು ಎಂದು ಕೇಳುತ್ತಾಳೆ ಎಂದು ಸಂತೋಷಪಟ್ಟ. ರಾಯಚೂರಿನಲ್ಲಿ ಉಪನ್ಯಾಸಕರ ತರಬೇತಿಯಲ್ಲಿ ಈ ಪದ್ಧತಿಯನ್ನು ವಿವರಿಸಲು ಹೇಳಿದರು. ಎಲ್ಲರೂ ಮೆಚ್ಚಿದರು. ಇದು ನನಗೆ ಹೊಳೆದದ್ದು ಎಂದು ನಾನು ಹೇಳಲಿಲ್ಲ. ಯಾರಿಂದ ಕಲಿತೆ ಎಂದೂ ಹೇಳಲಿಲ್ಲ.

ಅದೇ ತರಬೇತಿಯಲ್ಲಿ ಹೊರಗಿನಿಂದ ಬಂದ ಒಬ್ಬ ಪ್ರಾಧ್ಯಾಪಕಿ ನಕ್ಷತ್ರಗಳ ಬೆಳಕಿನ ಬಗ್ಗೆ ಮಾತಾಡಿದರು. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಮೇಲ್ಮೈ ಗುರುತ್ವ ಜೋರಾಗಿದ್ದರೆ ಅಲ್ಲಿನ ಅನಿಲ ಒತ್ತೊತ್ತಾಗಿರುತ್ತದೆ, ಪರಮಾಣುಗಳು ಒಂದಕ್ಕೊಂದು ತಗಲುತ್ತವೆ, ಗೆರೆ ಅಗಲವಾಗುತ್ತದೆ. ಉಬ್ಬಿದ ನಕ್ಷತ್ರದಲ್ಲಿ ಅನಿಲ ಸಡಿಲ, ಗೆರೆ ಸಣ್ಣ. ಗೆರೆಯ ಅಗಲ ನೋಡಿ ಗುರುತ್ವವನ್ನು ಹೇಳುತ್ತಾರೆ, ಎಷ್ಟೋ ಸಲ ಅದರಿಂದಲೇ ದ್ರವ್ಯರಾಶಿಯನ್ನು ಕಂಡುಹಿಡಿಯುತ್ತಾರೆ. ನಾವು ಪುಸ್ತಕದ ದ್ರವ್ಯರಾಶಿಯಿಂದ ಗುರುತ್ವಕ್ಕೆ ಬರುತ್ತಿದ್ದೆವು, ಅವರು ಗುರುತ್ವದಿಂದ ದ್ರವ್ಯರಾಶಿಗೆ ಹೋಗುತ್ತಿದ್ದರು. ತಕ್ಕಡಿ ಎಲ್ಲಿದೆ ಎಂದು ಹದಿನಾರು ವರ್ಷದ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಗೊತ್ತಿಲ್ಲ, ಹುಡುಕಿ ಹೇಳುತ್ತೇನೆ ಎನ್ನುವ ಮಾತು ಅವತ್ತು ನನ್ನ ಬಾಯಿಂದ ಬರಲಿಲ್ಲ. ಇದನ್ನೂ ಎಂಟೂವರೆಯ ಪಕ್ಕದಲ್ಲಿ ಇಟ್ಟುಕೊಂಡೆ.

ನಿವೃತ್ತಿಯಾಗಿ ಒಂದು ವರ್ಷದ ಮೇಲೆ ಖಾಜಾಸಾಬ್ ಫೋನು ಮಾಡಿ ಮೊಮ್ಮಗಳ ಮದುವೆಗೆ ಕರೆದ. ಬೆಳಿಗ್ಗೆ ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿದೆ. ಟಿಕೆಟು ಕೊಡಲು ಬಂದ ಕಂಡಕ್ಟರ್ ಹೆಂಗಸು ನನ್ನ ಮುಖ ನೋಡಿ ನಿಂತಳು.

"ಫಿಸಿಕ್ಸ್ ಸರ್ ಅಲ್ರೀ ನೀವು? ನಾನು ಮಸರಕಲ್ ಹುಲಿಗೆಮ್ಮ್ರೀ."

ಖಾಕಿ ಅಂಗಿ, ಹೆಗಲಿಗೆ ಚೀಲ, ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಕಲ್ಮಲ ದಾಟಿ ಟಿಕೆಟು ಕೊಡುವುದು ಮುಗಿದ ಮೇಲೆ ಆಕೆಯೇ ಬಂದು ಪಕ್ಕದ ಖಾಲಿ ಸೀಟಿನಲ್ಲಿ ಕುಳಿತಳು. ಹದಿನೈದು ವರ್ಷದಿಂದ ಈ ಕೆಲಸ, ಗಂಡ ದೇವದುರ್ಗದಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿದ್ದಾನೆ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ ಎಂದೆಲ್ಲ ಹೇಳಿದಳು. ಸುಖವಾಗಿದ್ದಳು. ಅದನ್ನು ನೋಡಿ ನನಗೆ ಧೈರ್ಯ ಬಂತು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿಬಿಡೋಣ ಎಂದು ಆ ನಕ್ಷತ್ರದ ದಿನ ನೆನಪಿದೆಯೇ ಎಂದು ಕೇಳಿದೆ. ಅವತ್ತು ನಿನ್ನದೇ ಸರಿ, ನಾನು ತ್ರಿಜ್ಯದ ಬದಲು ವ್ಯಾಸ ಹಾಕಿದ್ದೆ, ನನ್ನ ಮಾತಿನಿಂದಲೇ ನೀನು ವಿಜ್ಞಾನ ಬಿಟ್ಟೆ ಎಂದು ಇಂದಿಗೂ ಸಂಕಟಪಡುತ್ತೇನೆ ಎಂದೆ.

ಆಕೆ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು. ಆಮೇಲೆ ನಕ್ಕಳು.

"ಅದಾ? ನಂದು ಸರಿ ಅಂತ ನನಗ ಅವತ್ತೇ ಗೊತ್ತಿತ್ರಿ. ಅದಕ್ಕ ಯಾರು ಓದು ಬಿಡ್ತಾರ್ರೀ ಸರ್? ನಾನು ಬಿ.ಎಸ್ಸಿ. ಮಾಡ್ಬೇಕಂತನೇ ಇದ್ದೆ. ಹಾಸ್ಟೆಲ್ ಸೀಟು ಸಿಗಲಿಲ್ಲ, ಅಷ್ಟೇ."

ನಾನು ಬಿಡಲಿಲ್ಲ. ಅಷ್ಟು ಅಂಕವಿದ್ದೂ ಯಾಕೆ ಸಿಗಲಿಲ್ಲ ಎಂದೆ. ಆಕೆ ಕಿಟಕಿಯ ಕಡೆ ನೋಡುತ್ತ ನಿಧಾನವಾಗಿ ಹೇಳಿದಳು. ರಾಯಚೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅರ್ಜಿಗೆ ತರಗತಿ ಅಧ್ಯಾಪಕರ ಸಹಿ ಬೇಕಿತ್ತು. ತರಗತಿ ಅಧ್ಯಾಪಕ ನಾನು. ಮಸರಕಲ್‌ನಿಂದ ಮೂರು ಸಲ ಬಂದಿದ್ದಳಂತೆ. ಮೂರು ಸಲವೂ ಸರ್ ಇಲ್ಲ, ನಾಳೆ ಬಾ ಎಂಬ ಉತ್ತರ ಸಿಕ್ಕಿತ್ತು. ಮೂರನೆಯ ದಿನವೇ ಕೊನೆಯ ದಿನ. ಹಾಸ್ಟೆಲ್ ಸಿಕ್ಕರೆ ಮಾತ್ರ ಕಳಿಸುತ್ತೇನೆ ಎಂದು ಅಪ್ಪ ಹೇಳಿದ್ದ. ಮುಂದಿನ ವರ್ಷ ನೋಡೋಣ ಎಂದು ಮನೆಯವರು ಅಂದರು, ಅಷ್ಟರಲ್ಲಿ ಮದುವೆ ಗೊತ್ತಾಯಿತು. ಇಷ್ಟು ಹೇಳಿ, ಮುಂದಿನ ನಿಲ್ದಾಣ ಬಂತೆಂದು ಸೀಟಿ ಊದುತ್ತ ಎದ್ದು ಹೋದಳು.

ನನಗೆ ಅರ್ಜಿ ನೆನಪಿಗೆ ಬರಲಿಲ್ಲ. ಎಷ್ಟು ಕೆದಕಿದರೂ ಬರಲಿಲ್ಲ. ಬೋರ್ಡಿನ ಮೇಲಿನ ಹದಿನಾಲ್ಕು ಸಾಲಿನಲ್ಲಿ ಒಂದೊಂದೂ ನೆನಪಿದೆ, ಆ ಹುಡುಗಿ ಮೂರು ಸಲ ಬಂದದ್ದು ನೆನಪಿಲ್ಲ. ಆ ದಿನಗಳಲ್ಲಿ ನಾನು ರಜೆಯ ಮೇಲೆ ಊರಿಗೆ ಹೋಗಿದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಮದುವೆಮನೆಯಲ್ಲಿ ಖಾಜಾಸಾಬ್ ನನಗಾಗಿ ಬೇರೆ ಒಲೆಯಲ್ಲಿ ಅನ್ನ ಸಾರು ಮಾಡಿಸಿದ್ದ. ಗದ್ದಲ ಇಳಿದ ಮೇಲೆ ಶಾಮಿಯಾನದ ಮೂಲೆಯಲ್ಲಿ ಇಬ್ಬರೂ ಕುಳಿತೆವು. ಅವನಿಗೆ ವಯಸ್ಸಾಗಿತ್ತು, ನೆನಪು ಮಾತ್ರ ಗಟ್ಟಿ. ಮಸರಕಲ್ ಹುಡುಗಿ ಸಹಿಗೆ ಬಂದಾಗ ನಾನು ರಜೆಯಲ್ಲಿ ಇದ್ದೆನೇ ಎಂದು ಕೇಳಿದೆ. ಅವನು ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದ. ಮತ್ತೆ ಕೇಳಿದೆ.

"ಬಿಡ್ರಿ ಸರ್, ಹಳೇ ಮಾತು," ಎಂದ. ಆಮೇಲೆ ನನ್ನ ಮುಖ ನೋಡಿ, "ರಜಾ ಇರಲಿಲ್ರಿ. ನೀವು ಲ್ಯಾಬ್‌ದಾಗ ಇದ್ರಿ. ಆ ಹುಡುಗಿ ಬಂದ್ರ ಇಲ್ಲಂತ ಹೇಳು ಅಂತ ನೀವಾ ನನಗ ಹೇಳಿದ್ರಿ. ಮೂರ್ನೇ ಸಲ ನಾನು ಒಳಗ ಬಂದು, ಸರ್ ಬಿಸಲಾಗ ನಿಂತಾಳ, ಒಂದು ಸಹಿ ಮಾಡ್ರಿ ಅಂದೆ. ನಾಳಿ ಬಾ ಅನ್ನು ಅಂದ್ರಿ," ಎಂದ.

ಆಗ ನೆನಪು ಬಂತು. ಅರ್ಜಿ ಅಲ್ಲ, ಆ ಹುಡುಗಿಯ ಹೆಸರು ಕೇಳಿದೊಡನೆ ಆಗುತ್ತಿದ್ದ ಅಳುಕು. ಎದುರಿಗೆ ಬಂದರೆ ಆ ಲೆಕ್ಕದ ಮಾತು ಎತ್ತುತ್ತಾಳೆ ಎಂಬ ಭಯ. ಅವಳು ಯಾಕೆ ಬಂದಿದ್ದಾಳೆ ಎಂದು ನಾನು ಕೇಳಲೇ ಇಲ್ಲ. ಖಾಜಾಸಾಬ್ ಸಹಿ ಎಂದು ಹೇಳಿದ್ದೂ ಕಿವಿಗೆ ಬಿದ್ದಿರಲಿಲ್ಲ. ತಪ್ಪಾದ ಲೆಕ್ಕದಿಂದ ಆ ಹುಡುಗಿಗೆ ಏನೂ ಆಗಿರಲಿಲ್ಲ. ತಪ್ಪನ್ನು ಹೇಳಲಾರದೆ ಒಳಗೆ ಅಡಗಿ ಕೂತ ನನ್ನಿಂದ ಆಗಿತ್ತು.

"ನನಗೂ ಆ ಸುಳ್ಳು ಹೇಳಿದ್ದು ಭಾಳ ದಿವಸ ಚುಚ್ಚಿತ್ರಿ ಸರ್," ಎಂದ ಖಾಜಾಸಾಬ್. ಅವನ ಬಾಯಿಂದ ಸುಳ್ಳು ಹೇಳಿಸಿದ್ದು ಕೂಡ ನಾನೇ. ಅದಕ್ಕೆ ಕ್ಷಮೆ ಕೇಳಿದೆ. ಅವನು ನನ್ನ ಕೈ ಹಿಡಿದುಕೊಂಡ.

ಮಧ್ಯಾಹ್ನ ಮೂರಕ್ಕೆ ಆಕೆಯ ಬಸ್ಸು ರಾಯಚೂರಿಗೆ ಹಿಂತಿರುಗುತ್ತದೆ ಎಂದು ಬರುವಾಗಲೇ ಹೇಳಿದ್ದಳು. ನಾನು ಬೇರೆ ಬಸ್ಸಿಗೆ ಹೋಗಬಹುದಿತ್ತು. ನಿಲ್ದಾಣಕ್ಕೆ ಹೋಗಿ ಅದಕ್ಕೇ ಕಾಯ್ದೆ. ಹೊರಡಲು ಹತ್ತು ನಿಮಿಷವಿತ್ತು, ಇನ್ನೂ ಜನ ಹತ್ತಿರಲಿಲ್ಲ. ಆಕೆ ಬಾಗಿಲ ಬಳಿ ನಿಂತು ಚಹಾ ಕುಡಿಯುತ್ತಿದ್ದಳು. ಹತ್ತಿರ ಹೋಗಿ ನಿಂತೆ.

"ಹುಲಿಗೆಮ್ಮ, ನೀನು ಸಹಿಗೆ ಬಂದಾಗ ನಾನು ಒಳಗೇ ಇದ್ದೆ. ಮೂರು ಸಲವೂ ಇದ್ದೆ. ಇಲ್ಲ ಅಂತ ಹೇಳಿಸಿದ್ದು ನಾನೇ. ಲೆಕ್ಕ ತಪ್ಪಾಗಿತ್ತಲ್ಲ, ನಿನ್ನ ಮುಖ ನೋಡಲು ನಾಚಿಕೆಯಾಗಿತ್ತು. ತಪ್ಪಾಯಿತು."

ಆಕೆ ಲೋಟದಲ್ಲಿ ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿದಳು.

"ಗೊತ್ತಿತ್ರಿ ಸರ್," ಎಂದಳು. "ನಿಮ್ಮ ಚಪ್ಪಲಿ ಲ್ಯಾಬ್ ಬಾಗಿಲ ಹೊರಗ ಇದ್ವು. ಮೂರು ಸಲಾನೂ ಇದ್ವು. ಲೆಕ್ಕಕ್ಕ ನಾಚಿಕಿ ಅಂತ ನನಗೇನು ಗೊತ್ರಿ? ನಮ್ಮಂಥವರು ಮುಂದ ಓದೋದು ಸರ್‌ಗೆ ಬ್ಯಾಡಾಗ್ಯದ ಅಂತ ತಿಳ್ಕೊಂಡಿದ್ದೆ."

ಅಷ್ಟರಲ್ಲಿ ಡ್ರೈವರ್ ಬಂದ, ಜನ ನುಗ್ಗಿದರು. ಆಕೆ ಲೋಟ ಇಟ್ಟು ಬಾಗಿಲಿನಿಂದ ಸರಿದು ನನಗೆ ಹತ್ತಲು ದಾರಿ ಬಿಟ್ಟಳು. ಬಸ್ಸು ಹೊರಟ ಮೇಲೆ ನನ್ನ ಹತ್ತಿರ ಬಂದು, ರಾಯಚೂರಿಗೇ ಅಲ್ರೀ ಎಂದು ಕೇಳಿ ಟಿಕೆಟು ಹರಿದು ಕೊಟ್ಟಳು. ಆಮೇಲೆ ಮುಂದಿನ ಸೀಟಿನವರ ಕಡೆ ಹೋದಳು. ಕಲ್ಮಲದಲ್ಲಿ ಬಹಳ ಜನ ಇಳಿದರು. ನನ್ನ ಪಕ್ಕದ ಸೀಟು ಖಾಲಿಯಾಯಿತು. ಆಕೆ ಬಾಗಿಲ ಬಳಿಯ ತನ್ನ ಸೀಟಿನಲ್ಲೇ ರಸ್ತೆ ನೋಡುತ್ತ ಕುಳಿತಿದ್ದಳು.